ಡಾಕ್ಟರ್ ಯಾವಾಗ ಬರ್ತಾರೆ, ಸಿಸ್ಟರ್?

ನಾನು ನರ್ಸ್ ಪ್ರಾಕ್ಟಿಷನರ್, ಅಂದರೆ ರೋಗಿಗಳನ್ನು ತಾನೇ ನೋಡಿ ಔಷಧಿ ಬರೆಯಲು ಹೆಚ್ಚಿನ ತರಬೇತಿ ಪಡೆದ ನರ್ಸ್. ಬಿಪಿ, ಶುಗರ್, ಕೆಮ್ಮು, ಜ್ವರ ಅಂತ ಕ್ಲಿನಿಕ್‌ಗೆ ಬರುವವರನ್ನು ನಾನೇ ಪರೀಕ್ಷೆ ಮಾಡುತ್ತೇನೆ. ರಕ್ತ ಪರೀಕ್ಷೆ ಬರೆಯುತ್ತೇನೆ, ಮಾತ್ರೆ ಶುರು ಮಾಡುತ್ತೇನೆ, ಡೋಸ್ ಬದಲಿಸುತ್ತೇನೆ. ಇಷ್ಟೆಲ್ಲ ಆದ ಮೇಲೂ ಹೊಸಬರು ಕೇಳುವುದು ಒಂದೇ: "ಡಾಕ್ಟರ್ ಯಾವಾಗ ಬರ್ತಾರೆ, ಸಿಸ್ಟರ್?"

ಬೇಜಾರು ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ. ನರ್ಸ್ ಅಂದರೆ ಇಂಜೆಕ್ಷನ್ ಕೊಡುವವರು, ಡ್ರೆಸಿಂಗ್ ಮಾಡುವವರು ಅಂತಲೇ ನೋಡಿಕೊಂಡು ಬಂದವರು ಅವರು. ನರ್ಸ್ ಪ್ರಾಕ್ಟಿಷನರ್ ಅನ್ನುವ ಈ ಕೆಲಸ ಶುರುವಾಗಿದ್ದೇ 1965ರಲ್ಲಿ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಮೊದಲ ತರಬೇತಿ ಆರಂಭಿಸಿದರು.

ಜನರ ಈ ಅನುಮಾನ ಹೋಗಿಸಲು ನಾನು ಮೊದಲು ಕೈಹಾಕಿದ್ದು ನನ್ನ ಕೋಣೆಗಲ್ಲ, ರಿಸೆಪ್ಷನ್‌ಗೆ. "ಡಾಕ್ಟರ್ ಬಿಜಿ ಇದಾರೆ, ಸದ್ಯಕ್ಕೆ ನರ್ಸ್ ಹತ್ರ ತೋರಿಸಿ" ಅಂದರೆ ಮುಗಿಯಿತು. ಬಂದವರು ತಮಗೇನೋ ಕಡಿಮೆ ಸಿಕ್ಕಿತು ಅಂದುಕೊಂಡೇ ಒಳಗೆ ಕಾಲಿಡುತ್ತಾರೆ. ನಾನು ಎಷ್ಟು ಚೆನ್ನಾಗಿ ನೋಡಿದರೂ ಅದು ಹೋಗಲ್ಲ. ಈಗ ಅಲ್ಲಿ ಹೇಳುವುದೇ ಬೇರೆ: "ಇಲ್ಲಿ ಬಿಪಿ, ಶುಗರ್ ನೋಡಿಕೊಳ್ಳೋದು ಇವರೇ. ಬೇಕು ಅನಿಸಿದರೆ ಡಾಕ್ಟರ್‌ಗೂ ತೋರಿಸ್ತಾರೆ. ಡಾಕ್ಟರೇ ಆಗಬೇಕು ಅಂದರೆ ಸ್ವಲ್ಪ ಕಾಯಬೇಕಾಗುತ್ತೆ, ಹೇಗೆ ಮಾಡೋಣ?" ಆಯ್ಕೆ ತಮ್ಮದೇ ಅಂತ ಗೊತ್ತಾದಾಗ ಎಷ್ಟೋ ಜನ ಒಪ್ಪಿಕೊಳ್ಳುತ್ತಾರೆ.

ಎರಡನೆಯದು ಡಾಕ್ಟರ ನಡವಳಿಕೆ. ನಾನು ನೋಡಿ ಕಳಿಸಿದವರನ್ನೆಲ್ಲ ಅವರು ಮತ್ತೆ ಮೊದಲಿಂದ ನೋಡಿದರೆ, ಮೇಷ್ಟ್ರು ಕಾಪಿ ತಿದ್ದಿದ ಹಾಗೆ ಕಾಣುತ್ತದೆ. ಅದಕ್ಕೆ ನಾವಿಬ್ಬರೂ ಮಾತಾಡಿಕೊಂಡೆವು. ನಾನು ಕರೆದರೆ ಮಾತ್ರ ಅವರು ಬರುತ್ತಾರೆ. ಬಂದವರು ಮೊದಲು ರೋಗಿಯ ಎದುರಿಗೇ ನನ್ನನ್ನು ಕೇಳುತ್ತಾರೆ, "ನಿಮಗೇನು ಅನ್ಸುತ್ತೆ?" ಆ ಒಂದು ಮಾತಿಗಿರುವ ತೂಕ ಗೋಡೆಗೆ ಹಾಕಿದ ಸರ್ಟಿಫಿಕೇಟ್‌ಗೆ ಇಲ್ಲ.

ಕೋಣೆಯೊಳಗೆ ನನ್ನ ಬಲ ಸಮಯ. ಶುಗರ್ ಇರುವವರ ಸಾಕ್ಸ್ ತೆಗೆಸುತ್ತೇನೆ. ಬೆರಳುಗಳ ಸಂದಿ ನೋಡುತ್ತೇನೆ. ಆಮೇಲೆ ಕಣ್ಣು ಮುಚ್ಚಿಸಿ, ಸಣ್ಣ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತುತ್ತೇನೆ. 10 ಗ್ರಾಂ ಒತ್ತಡಕ್ಕೆ ಅದು ಬಾಗುತ್ತದೆ. ತಾಗಿದಾಗ "ಹೂಂ" ಅನ್ನಬೇಕು. ಒಬ್ಬ ಹಿರಿಯರು ಹಿಮ್ಮಡಿಯ ಹತ್ತಿರ ಹೂಂ ಅಂದರು, ಹೆಬ್ಬೆರಳಿಗೆ ಒತ್ತಿದಾಗ ಸುಮ್ನೆ ಕೂತಿದ್ದರು. ಜೊತೆಗೆ ಬಂದಿದ್ದ ಮಗಳು ಎದ್ದು ನಿಂತು ನೋಡಿದಳು. "ಅಪ್ಪ, ಒತ್ತುತ್ತಾ ಇದಾರೆ, ಗೊತ್ತಾಗ್ತಿಲ್ವಾ?" ಅಂದಳು. ಸ್ಪರ್ಶ ಕಡಿಮೆಯಾದ ಕಾಲಿನ ಗಾಯ ಗೊತ್ತೇ ಆಗದೆ ಹುಣ್ಣಾಗಬಹುದು, ಬರಿಗಾಲಲ್ಲಿ ಓಡಾಡಬೇಡಿ, ದಿನಾ ಅಂಗಾಲು ನೋಡಿಕೊಳ್ಳಿ ಅಂತ ವಿವರಿಸಿದೆ. ಆವತ್ತು ಅವರು ಡಾಕ್ಟರನ್ನು ಕೇಳಲಿಲ್ಲ, ಮುಂದಿನ ಸಲ ಯಾವಾಗ ಬರಲಿ ಅಂತ ಕೇಳಿದರು.

ಕೆನಡಾದ ಬರ್ಲಿಂಗ್ಟನ್‌ನಲ್ಲಿ ಕುಟುಂಬಗಳನ್ನು ಚೀಟಿ ಎತ್ತಿದ ಹಾಗೆ ಡಾಕ್ಟರ್ ಮತ್ತು ನರ್ಸ್ ಪ್ರಾಕ್ಟಿಷನರ್ ನಡುವೆ ಹಂಚಿ ಮಾಡಿದ ಅಧ್ಯಯನ 1974ರಲ್ಲೇ ಪ್ರಕಟವಾಗಿತ್ತು. ಎರಡೂ ಕಡೆಯ ರೋಗಿಗಳ ಆರೋಗ್ಯದಲ್ಲೂ ಸಮಾಧಾನದಲ್ಲೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗುವ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆ, ನರ್ಸ್‌ಗಳು ನೋಡಿದವರಲ್ಲಿ ಸಮಾಧಾನ ಸ್ವಲ್ಪ ಜಾಸ್ತಿ ಇರಬಹುದು ಎಂದಿತು. ನರ್ಸ್‌ಗಳು ತೆಗೆದುಕೊಳ್ಳುವ ಸಮಯವೂ ಜಾಸ್ತಿ ಎಂದಿತು. ಹೆಚ್ಚು ಹೊತ್ತು ಕೂತು ಕೇಳಿದರೆ ಯಾರಿಗೆ ಇಷ್ಟ ಆಗಲ್ಲ, ಅಲ್ವಾ? ಅಂತೂ ಇದನ್ನೆಲ್ಲ ರೋಗಿಗೆ ಹೇಳಿ ಪ್ರಯೋಜನವಿಲ್ಲ.

ನಿಜವಾದ ಪರೀಕ್ಷೆ ಇರುವುದು "ಬೇಡ" ಅನ್ನುವಾಗ. ಮಾತ್ರೆ ಬರೆದುಕೊಟ್ಟರೆ ನರ್ಸ್ ಆದರೂ ಸರಿಯೇ. ನೆಗಡಿ ಕೆಮ್ಮಿಗೆ ಆಂಟಿಬಯೋಟಿಕ್ ಬೇಡ ಅಂದರೆ ಮಾತ್ರ, "ಇವರಿಗೆ ಬರೆಯೋಕೆ ಅಧಿಕಾರ ಇಲ್ಲವೇನೋ" ಅನ್ನುವ ಅನುಮಾನ. ಡಾಕ್ಟರ್ ಅದೇ ಮಾತು ಹೇಳಿದರೆ ಜಾಣತನ, ನಾನು ಹೇಳಿದರೆ ಅಂಜಿಕೆ! ಹಾಗಾಗಿ ಮೊದಲು ಎದೆಯ ಹಿಂದೆ ಮುಂದೆ ಸ್ಟೆತಾಸ್ಕೋಪ್ ಇಟ್ಟು ಕೇಳುತ್ತೇನೆ, ಉಸಿರು ಎಣಿಸುತ್ತೇನೆ, ಕಂಡದ್ದನ್ನು ಜೋರಾಗಿಯೇ ಹೇಳುತ್ತೇನೆ. "ಬರೆಯಬಹುದು, ಆದರೆ ವೈರಸ್‌ಗೆ ಅದು ಕೆಲಸ ಮಾಡಲ್ಲ. ಈ ಕೆಮ್ಮು ಎರಡು ಮೂರು ವಾರ ಎಳೆಯಬಹುದು. ಏದುಸಿರು ಬಂದರೆ, ಕಫದಲ್ಲಿ ರಕ್ತ ಕಂಡರೆ, ಜ್ವರ ಬಿಟ್ಟು ಮತ್ತೆ ಏರಿದರೆ ಕಾಯಬೇಡಿ, ಕೂಡಲೇ ಬನ್ನಿ." ವಾಪಸ್ ಬರಬೇಕಾದ ಸಂದರ್ಭ ಬಿಡಿಸಿ ಹೇಳಿದರೆ "ಬೇಡ" ಅನ್ನೋ ಮಾತನ್ನು ಜನ ನುಂಗಿಕೊಳ್ಳುತ್ತಾರೆ.

ಯಾರಾದರೂ ನನ್ನನ್ನು "ಡಾಕ್ಟರೇ" ಅಂದರೆ ಅಲ್ಲೇ ತಿದ್ದುತ್ತೇನೆ. ಮುಂದೆ ಗೊತ್ತಾದರೆ ನಂಬಿಕೆ ಕೆಡುತ್ತದೆ. ಏನೇ ಮಾಡಿದರೂ ಡಾಕ್ಟರೇ ಬೇಕು ಅನ್ನುವವರು ಇದ್ದೇ ಇರುತ್ತಾರೆ. ಅವರ ಜೊತೆ ವಾದ ಮಾಡಲ್ಲ. ನೋಡಿದ್ದನ್ನೆಲ್ಲ ನೀಟಾಗಿ ಬರೆದು, ಮತ್ತೆ ಮೊದಲಿಂದ ಹೇಳುವ ಕಷ್ಟ ಅವರಿಗೆ ಬಾರದ ಹಾಗೆ ಡಾಕ್ಟರ್ ಕೋಣೆಗೆ ಕಳಿಸುತ್ತೇನೆ.