ಹಿಮದಂಚಿನಲ್ಲಿ ಒಳ ಅಲೆಗಳನ್ನು ಗುರುತಿಸಿದ ಬಗೆ

ಸ್ವಾಲ್‌ಬಾರ್ಡ್ ದ್ವೀಪಗಳ ಪಶ್ಚಿಮಕ್ಕಿರುವ ಫ್ರಾಮ್ ಜಲಸಂಧಿಯ ಹಿಮದಂಚಿನಲ್ಲಿ ಬೇಸಿಗೆಯ ಹೊತ್ತಿಗೆ ಎರಡು ಬಗೆಯ ನೀರು ಒಂದರ ಮೇಲೊಂದು ನಿಂತಿರುತ್ತದೆ. ಮೇಲಿನದು ಮಂಜುಗಡ್ಡೆ ಕರಗಿ ಬಂದ, ಉಪ್ಪು ಕಡಿಮೆಯಿರುವ ತಣ್ಣನೆಯ ತೆಳುಪದರ. ಕೆಳಗಿನದು ಅಟ್ಲಾಂಟಿಕ್‌ನಿಂದ ಹರಿದು ಬಂದ, ಬೆಚ್ಚಗಿದ್ದರೂ ಉಪ್ಪಿನಿಂದಾಗಿ ಭಾರವಾಗಿರುವ ನೀರು. ಇವೆರಡರ ನಡುವಿನ ಗಡಿ ಏರಿಳಿಯುವುದೇ ಒಳ ಅಲೆ. 1893ರಲ್ಲಿ ನಾರ್ವೆಯ ಧ್ರುವ ಅನ್ವೇಷಕ ನಾನ್ಸೆನ್ ಅವರ ಹಡಗು ಸೈಬೀರಿಯಾದ ಕರಾವಳಿಯಲ್ಲಿ ಕಣ್ಣಿಗೆ ಕಾಣುವ ಕಾರಣವಿಲ್ಲದೆ ನಿಧಾನಗೊಂಡದ್ದು ತಾನೇ ಎಬ್ಬಿಸಿದ ಇಂಥ ಅಲೆಗಳಿಂದ ಎಂಬುದನ್ನು ಮುಂದೆ ಸ್ವೀಡನ್ನಿನ ಸಮುದ್ರವಿಜ್ಞಾನಿ ಎಕ್ಮನ್ ವಿವರಿಸಿದರು.

ತೇಲುವ ಹಿಮಫಲಕದಿಂದ ತಾಪಮಾನ ಸಂವೇದಕಗಳ ಸರಣಿಯನ್ನು ನೀರಿಗೆ ಇಳಿಬಿಟ್ಟು ದಾಖಲೆ ತೆಗೆಯುವುದು ಅಷ್ಟೇನೂ ಕಷ್ಟವಲ್ಲ. ಆ ದಾಖಲೆಯಲ್ಲಿ ಕಾಣುವ ಏರಿಳಿತ ಅಲೆಯದೋ, ಅಥವಾ ಕರಗುನೀರಿನ ಅಂಚು ಪಕ್ಕದಿಂದ ಸರಿದು ಬಂದದ್ದೋ ಎಂದು ನಿರ್ಧರಿಸುವುದೇ ಕಷ್ಟ. ಇಷ್ಟು ತಣ್ಣಗಿನ ನೀರಿನಲ್ಲಿ ಸಾಂದ್ರತೆಯನ್ನು ಮುಖ್ಯವಾಗಿ ಉಪ್ಪೇ ನಿರ್ಧರಿಸುವುದರಿಂದ ತಾಪಮಾನವೊಂದನ್ನೇ ನಂಬಿ ಅಲೆಯ ಎತ್ತರ ಹೇಳುವುದು ನನಗೆ ಸರಿಯೆನಿಸುವುದಿಲ್ಲ. ಹಾಗಾಗಿ ನೀರಿನ ವಿದ್ಯುತ್ ವಾಹಕತೆ (ಇದರಿಂದ ಲವಣಾಂಶ ತಿಳಿಯುತ್ತದೆ), ತಾಪಮಾನ ಮತ್ತು ಆಳವನ್ನು ಅಳೆಯುವ ಸಿಟಿಡಿ ಉಪಕರಣವನ್ನು ಒಂದೇ ಕಿಂಡಿಯಲ್ಲಿ ಮತ್ತೆ ಮತ್ತೆ ಇಳಿಸಿ, ಪ್ರತಿ ಆಳದ ತಾಪಮಾನ ಮತ್ತು ಲವಣಾಂಶಗಳನ್ನು ಒಂದೇ ನಕ್ಷೆಯಲ್ಲಿ ಗುರುತಿಸುತ್ತಿದ್ದೆ. ಗಾಳಿ ಕೊರೆಯುವಾಗ ವಾಹಕತೆಯನ್ನು ಅಳೆಯುವ ಗಾಜಿನ ಕೊಳವೆಯಲ್ಲಿ ಉಳಿದ ಹನಿ ಹೆಪ್ಪುಗಟ್ಟಿ ಗಾಜು ಸೀಳುವ ಭಯವಿರುವುದರಿಂದ, ಎರಡು ಇಳಿಕೆಗಳ ನಡುವೆ ಉಪಕರಣವನ್ನು ಹೊರಗೆಳೆಯದೆ ನೀರಿನಲ್ಲೇ ತೂಗುಬಿಡುತ್ತಿದ್ದೆ. ನೀರು ಬರೇ ಮೇಲೆ ಕೆಳಗೆ ಆಡಿದ್ದರೆ ಬಿಂದುಗಳೆಲ್ಲ ಅದೇ ಗೆರೆಯ ಮೇಲೆ ಜಾರುತ್ತವೆ. ಬೇರೆ ನೀರೇ ಬಂದಿದ್ದರೆ ಗೆರೆಯೇ ಬದಲಾಗುತ್ತದೆ.

ಎರಡನೆಯ ಸಾಕ್ಷಿ ಹರಿವಿನದು. ಹದಿನೈದು ಮೀಟರಿನ ಮೇಲ್ಪದರ ಕೆಳಗಿನ ನೀರಿಗಿಂತ ಘನಮೀಟರಿಗೆ 2 ಕಿಲೋಗ್ರಾಂ ಹಗುರವಾಗಿದ್ದರೆ ಉದ್ದನೆಯ ಅಲೆಯ ವೇಗ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಬರುತ್ತದೆ. ಸಾಮಾನ್ಯವಾಗಿ ಕಾಣುವ ಬಗೆಯ ಅಲೆಯಲ್ಲಿ ಗಡಿಯ ಮೇಲಿನ ಮತ್ತು ಕೆಳಗಿನ ಹರಿವುಗಳು ಎದುರುಬದುರಾಗಿರಬೇಕು. ಬೇರೆ ಬೇರೆ ಆಳಗಳ ಹರಿವನ್ನು ಧ್ವನಿಯಿಂದ ಅಳೆಯುವ ಎಡಿಸಿಪಿ ಉಪಕರಣದ ದಾಖಲೆಯಲ್ಲಿ ನಾನು ಹುಡುಕುತ್ತಿದ್ದುದು ಇದನ್ನೇ. ಆದರೆ ಫಲಕವೇ ತೇಲುತ್ತಿರುವುದರಿಂದ ಅಳೆದ ಆವರ್ತಕಾಲ ನಿಜವಾದದ್ದಲ್ಲ. ಜಿಪಿಎಸ್‌ನಿಂದ ಫಲಕದ ಚಲನೆಯನ್ನು ತಿಳಿದು, ನೀರಿಗೆ ಹೋಲಿಸಿದರೆ ಅದು ಎಷ್ಟು ಸರಿದಿದೆ ಎಂದು ಲೆಕ್ಕ ಹಾಕಿದ ಮೇಲೆಯೇ ಆವರ್ತಕಾಲದ ಮಾತು.

ಉಬ್ಬರವಿಳಿತದ ವಿಷಯದಲ್ಲಿ ಇನ್ನೊಂದು ತೊಡಕಿದೆ. 80 ಡಿಗ್ರಿ ಉತ್ತರದಲ್ಲಿ ಸ್ವತಂತ್ರವಾಗಿ ಸಾಗುವ ಒಳ ಅಲೆಯ ಆವರ್ತಕಾಲಕ್ಕೆ ಭೂಭ್ರಮಣ ವಿಧಿಸುವ ಗರಿಷ್ಠ ಮಿತಿ ಸುಮಾರು 12 ಗಂಟೆ 9 ನಿಮಿಷವಾದರೆ, ಚಂದ್ರನ ಅರೆದಿನದ ಉಬ್ಬರದ ಆವರ್ತಕಾಲ 12 ಗಂಟೆ 25 ನಿಮಿಷ. ಆದ್ದರಿಂದ ಸುಮಾರು 74.5 ಡಿಗ್ರಿಯ ಉತ್ತರಕ್ಕೆ ಈ ಉಬ್ಬರದ ಒಳ ಅಲೆ ತಾನು ಹುಟ್ಟಿದ ಕಡಲತಳದ ಇಳಿಜಾರನ್ನು ಬಿಟ್ಟು ಸ್ವತಂತ್ರವಾಗಿ ದೂರ ಸಾಗಲಾರದು. ಹನ್ನೆರಡು ಗಂಟೆಯ ಆಸುಪಾಸಿನ ಏರಿಳಿತಗಳನ್ನೆಲ್ಲ ಈ ಕಾರಣಕ್ಕೆ ಪ್ರತ್ಯೇಕವಾಗಿಟ್ಟು, ಗಂಟೆಯೊಳಗಿನ ಚಿಕ್ಕ ಅಲೆಗಳಲ್ಲಿ ಎರಡೂ ಪರೀಕ್ಷೆಗಳನ್ನು ದಾಟಿದವುಗಳನ್ನು ಮಾತ್ರ ಶಕ್ತಿಯ ಲೆಕ್ಕಕ್ಕೆ ತೆಗೆದುಕೊಂಡೆ.