ಬೋರ್ಡಿನ ಗೊಡವೆ ಬೇಡದ ಡ್ರೈವರ್: ನನ್ನ ಅನುಭವ

2021ರಲ್ಲಿ ಚಿಪ್‌ಗಳ ಕೊರತೆ ಕಾಡಿದಾಗ ಎಸ್‌ಟಿಎಂ32 ಮೈಕ್ರೋಕಂಟ್ರೋಲರ್ (ಉಪಕರಣಗಳೊಳಗೆ ಕೂರುವ ಪುಟ್ಟ ಕಂಪ್ಯೂಟರ್ ಚಿಪ್) ಸಿಗುವುದೇ ಕಷ್ಟವಾಯಿತು. ಸಿಕ್ಕರೂ ಬೆಲೆ ಕೇಳುವ ಹಾಗಿರಲಿಲ್ಲ. ಹವಾಮಾನ ಅಳೆಯುವ ನಮ್ಮ ಪುಟ್ಟ ಪೆಟ್ಟಿಗೆಯನ್ನು ಇಎಸ್‌ಪಿ32 ಎಂಬ ಇನ್ನೊಂದು ಚಿಪ್‌ಗೆ ಬದಲಾಯಿಸೋಣ ಅಂತ ತೀರ್ಮಾನವಾಯಿತು. ಸೆನ್ಸರ್ ಮಾತ್ರ ಅದೇ, ಉಷ್ಣತೆ, ಒತ್ತಡ, ತೇವಾಂಶ ಅಳೆಯುವ ಬಾಷ್‌ನ ಬಿಎಂಇ280. ಸೆನ್ಸರ್ ಅದೇ ಇರುವಾಗ ಅದರ ಜೊತೆ ಮಾತಾಡುವ ಕೋಡ್, ಅಂದರೆ ಡ್ರೈವರ್, ಯಾಕೆ ಬದಲಾಗಬೇಕು, ಅಲ್ವಾ? ಆದರೆ ಹಳೆ ಕೋಡ್ ತೆರೆದರೆ ಪ್ರತಿ ಫಂಕ್ಷನ್ ಒಳಗೂ ಎಸ್‌ಟಿಎಂ32ರ ಹ್ಯಾಲ್ ಲೈಬ್ರರಿಯ (ಆ ಚಿಪ್‌ಗೆಂದೇ ತಯಾರಕರು ಕೊಡುವ ಸಿದ್ಧ ಕೋಡ್) ಕರೆಗಳು. ಹೊಸದಾಗಿ ಬರೆಯಲು ಕೂತೆ.

ಈ ಸೆನ್ಸರ್‌ಗೆ ಹೊರಗಿನಿಂದ ನಿಜಕ್ಕೂ ಬೇಕಾದದ್ದು ಮೂರೇ ಕೆಲಸ. ರಿಜಿಸ್ಟರ್ (ಚಿಪ್ ಒಳಗೆ ಅಂಕಿ ಇಡುವ ಪುಟ್ಟ ಗೂಡು) ಓದಬೇಕು, ಬರೆಯಬೇಕು, ಸ್ವಲ್ಪ ಹೊತ್ತು ಕಾಯಬೇಕು. ಹಾಗಾಗಿ ಸಿ ಭಾಷೆಯ ಒಂದು ಸ್ಟ್ರಕ್ಟ್ (ಹಲವು ಮಾಹಿತಿ ಒಟ್ಟಿಗಿಡುವ ಕಟ್ಟು), ಅದರಲ್ಲಿ ಈ ಕೆಲಸ ಮಾಡುವ ಕೋಡ್ ಎಲ್ಲಿದೆ ಅಂತ ತೋರಿಸುವ ಮೂರು ಫಂಕ್ಷನ್ ಪಾಯಿಂಟರ್, ಜೊತೆಗೆ ಯಾವ ಬಗೆಯ ಮಾಹಿತಿಯನ್ನಾದರೂ ತೋರಿಸಬಲ್ಲ ಒಂದು ವಾಯ್ಡ್ ಪಾಯಿಂಟರ್. ಈ ಕೊನೆಯದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಒಂದೇ ಐ-ಸ್ಕ್ವೇರ್ಡ್-ಸಿ ಬಸ್ (ಚಿಪ್‌ಗಳು ಮಾತಾಡಲು ಹಂಚಿಕೊಳ್ಳುವ ತಂತಿಗಳು) ಮೇಲೆ ಎರಡು ಸೆನ್ಸರ್ ಕೂರಿಸಿದಾಗ, ಒಂದು ಹೆಕ್ಸ್ (ಹದಿನಾರರ ಲೆಕ್ಕದ ಅಂಕಿ) 76ರ ವಿಳಾಸದಲ್ಲಿ, ಇನ್ನೊಂದು 77ರಲ್ಲಿ, ಯಾವುದರ ಜೊತೆ ಮಾತಾಡುತ್ತಿದ್ದೇವೆ ಅಂತ ಬೋರ್ಡ್ ಕಡೆಯ ಕೋಡ್‌ಗೆ ತಿಳಿಯುವುದು ಆ ಪಾಯಿಂಟರ್‌ನಿಂದಲೇ. ಪಿನ್, ಕ್ಲಾಕ್, ಇಂಟರಪ್ಟ್ ಎಲ್ಲಕ್ಕೂ ಮುಂಚೆಯೇ ಒಂದೊಂದು ಹೊದಿಕೆ ಹೊಲಿಯುವವರೂ ಇದ್ದಾರೆ. ನನಗೆ ಅದು ಒಗ್ಗುವುದಿಲ್ಲ. ಬಳಸದ ಫಂಕ್ಷನ್‌ಗಳನ್ನು ಪ್ರತಿ ಹೊಸ ಬೋರ್ಡ್‌ಗೂ ಸುಮ್ನೆ ಬರೆಯುತ್ತಾ ಕೂರಬೇಕಾಗುತ್ತದೆ.

ಪಾಯಿಂಟರ್ ಇಟ್ಟ ಮಾತ್ರಕ್ಕೆ ಡ್ರೈವರ್ ಸ್ವತಂತ್ರವಾಗಿಬಿಡುವುದಿಲ್ಲ. ಬೋರ್ಡಿನ ಅಭ್ಯಾಸಗಳು ಸಂದಿಯಲ್ಲಿ ನುಸುಳುತ್ತವೆ. ವಿಳಾಸವನ್ನೇ ನೋಡಿ. ಡೇಟಾಶೀಟ್‌ನಲ್ಲಿ (ತಯಾರಕರು ಕೊಡುವ ಚಿಪ್‌ನ ವಿವರಪತ್ರ) ಇರುವುದು ಏಳು ಬಿಟ್‌ನ ಹೆಕ್ಸ್ 76. ಎಸ್‌ಟಿಎಂ32 ಹ್ಯಾಲ್‌ಗೆ ಅದನ್ನು ಒಂದು ಬಿಟ್ ಎಡಕ್ಕೆ ಸರಿಸಿ ಹೆಕ್ಸ್ ಇಸಿ ಅಂತ ಕೊಡಬೇಕು. ಇಎಸ್‌ಪಿ32ರ ಲೈಬ್ರರಿಗೆ ಏಳು ಬಿಟ್ಟೇ ಸಾಕು. ಆದ್ದರಿಂದ ಡ್ರೈವರ್‌ನಲ್ಲಿ ಡೇಟಾಶೀಟ್ ವಿಳಾಸವೇ ಇರಲಿ, ಸರಿಸುವ ಕೆಲಸ ಬೋರ್ಡ್ ಫೈಲ್‌ನದ್ದು. ಎರರ್ ಕೋಡ್‌ಗಳದ್ದೂ ಅದೇ ಕಥೆ. ಟೈಮ್‌ಔಟ್ ಆದರೆ ಹ್ಯಾಲ್ 3 ಅನ್ನುತ್ತದೆ, ಇಎಸ್‌ಪಿ32 ಹೆಕ್ಸ್ 107 ಅನ್ನುತ್ತದೆ. ಡ್ರೈವರ್‌ಗೆ ಅದರದ್ದೇ ನಾಲ್ಕೈದು ಎರರ್ ಕೊಟ್ಟೆ.

ಈ ಸೆನ್ಸರ್ ಬಳಸಬಲ್ಲ ಇನ್ನೊಂದು ಬಗೆಯ ಬಸ್ ಆದ ಎಸ್‌ಪಿಐನಲ್ಲಿ ಮಾತ್ರ ಸ್ವಲ್ಪ ಯೋಚಿಸಬೇಕಾಯಿತು. ಅಲ್ಲಿ ರಿಜಿಸ್ಟರ್ ವಿಳಾಸದ ಮೇಲಿನ ಬಿಟ್ 1 ಇದ್ದರೆ ಓದು, 0 ಇದ್ದರೆ ಬರೆ. ಇದು ಬೋರ್ಡಿನ ಗುಣವಲ್ಲ, ಚಿಪ್‌ನದ್ದು. ಹಾಗಾಗಿ ಡ್ರೈವರ್ ಒಳಗೇ ಇಟ್ಟೆ, ಬಸ್ ಯಾವುದು ಅಂತ ಸ್ಟ್ರಕ್ಟ್‌ನಲ್ಲಿ ಒಂದು ಗುರುತು ಸೇರಿಸಿದೆ.

ಜಾಸ್ತಿ ಹುಷಾರಾಗಿರಬೇಕಾದದ್ದು ಕಾಯುವ ಫಂಕ್ಷನ್ ವಿಷಯದಲ್ಲಿ. ರಿಸೆಟ್ ಆದ ಮೇಲೆ ಬಿಎಂಇ280ಗೆ 2 ಮಿಲಿಸೆಕೆಂಡ್ ಬಿಡುವು ಕೊಡಬೇಕು. ಎಸ್‌ಟಿಎಂ32ನಲ್ಲಿ ಅದು ಸಲೀಸು. ಇಎಸ್‌ಪಿ32ರ ಫ್ರೀಆರ್‌ಟಿಒಎಸ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಂನಲ್ಲಿ ಕಾಲದ ಲೆಕ್ಕ ಟಿಕ್‌ಗಳಲ್ಲಿ, ನಾವು ಬದಲಾಯಿಸದಿದ್ದರೆ ಒಂದು ಟಿಕ್ ಅಂದರೆ 10 ಮಿಲಿಸೆಕೆಂಡ್. 2 ಅನ್ನು ಟಿಕ್‌ಗೆ ಬದಲಾಯಿಸಿದರೆ ಪೂರ್ಣಾಂಕ ಭಾಗಾಕಾರದಲ್ಲಿ ಸೊನ್ನೆ ಬರುತ್ತದೆ. ಅಂದರೆ ಕಾಯುವುದೇ ಇಲ್ಲ! ಒಂದು ಟಿಕ್ ಅಂತ ಕೊಟ್ಟರೂ ಸಾಲದು, ಈಗ ನಡೆಯುತ್ತಿರುವ ಟಿಕ್ ಆಗಲೇ ಮುಗಿಯುತ್ತಾ ಬಂದಿರಬಹುದು. ಅದಕ್ಕೆ ಹೆಡರ್ ಫೈಲ್‌ನಲ್ಲೇ ಬರೆದಿಟ್ಟೆ: ‘ಕೊಟ್ಟಷ್ಟು ಮೈಕ್ರೋಸೆಕೆಂಡ್ ಆದರೂ ಕಾಯಬೇಕು, ಹೆಚ್ಚಾದರೆ ಅಡ್ಡಿಯಿಲ್ಲ’. ಇಎಸ್‌ಪಿ32 ಫೈಲ್‌ನಲ್ಲಿ ಮೇಲಕ್ಕೆ ದುಂಡಾಗಿಸಿ ಇನ್ನೊಂದು ಟಿಕ್ ಸೇರಿಸಿದೆ.

ಇನ್ನು ಬೈಟ್‌ಗಳ ಕ್ರಮ. ಈ ಚಿಪ್‌ನಲ್ಲಿ ಉಷ್ಣತೆ ಮತ್ತು ಒತ್ತಡದ ಕ್ಯಾಲಿಬ್ರೇಶನ್ ಅಂಕಿಗಳು (ಅಳತೆ ಸರಿಪಡಿಸಲು ಚಿಪ್‌ನಲ್ಲೇ ಇಟ್ಟಿರುವವು) ಕೆಳಗಿನ ಬೈಟ್ ಮೊದಲು ಬರುತ್ತವೆ, ಅಳತೆಯ ಅಂಕಿಗಳು ಮೇಲಿನ ಬೈಟ್ ಮೊದಲು. ತೇವಾಂಶದ ಎರಡು ಅಂಕಿಗಳಂತೂ ಹೆಕ್ಸ್ ಇ5 ರಿಜಿಸ್ಟರನ್ನು ಅರ್ಧರ್ಧ ಹಂಚಿಕೊಂಡಿವೆ. ಬಫರ್ ಮೇಲೆ ಸ್ಟ್ರಕ್ಟ್ ಹೇರಿ ಓದುವ ಆಸೆ ಬಿಟ್ಟು, ಪ್ರತಿ ಅಂಕಿಯನ್ನೂ ಶಿಫ್ಟ್ ಮಾಡಿ ಜೋಡಿಸಿದೆ. ಹೀಗೆ ಬರೆದರೆ ಪ್ರೊಸೆಸರ್ ಎಂಡಿಯನ್ (ಬೈಟ್‌ಗಳನ್ನು ಇಡುವ ಕ್ರಮ) ಯಾವುದಾದರೇನು?

ಇದೆಲ್ಲ ಸರಿಯಿದೆಯಾ ಅಂತ ನೋಡಲು ಬೋರ್ಡ್ ಬೇಕಾಗಲಿಲ್ಲ. ಲ್ಯಾಪ್‌ಟಾಪ್‌ನಲ್ಲೇ ಜಿಸಿಸಿ ಎಂಬ ಕಂಪೈಲರ್‌ನಿಂದ ಕಂಪೈಲ್ ಮಾಡಿದೆ. ಯಾವುದಾದರೂ ಬೋರ್ಡಿನ ಹೆಡರ್ ಒಳಗೆ ಉಳಿದಿದ್ದರೆ ಕಂಪೈಲರ್ ಅಲ್ಲೇ ಕೂಗುತ್ತದೆ. ಓದುವ ಫಂಕ್ಷನ್ ಜಾಗದಲ್ಲಿ ಒಂದು ಅರೇಯಿಂದ ಬೈಟ್ ಕೊಡುವ ಸುಳ್ಳು ಬಸ್ ಇಟ್ಟೆ. ಬಿಎಂಇ280ರ ಅಣ್ಣನಂತಿರುವ ಬಿಎಂಪಿ280ರ ಡೇಟಾಶೀಟ್‌ನಲ್ಲಿ ಒಂದು ಬಿಡಿಸಿದ ಲೆಕ್ಕವಿದೆ. ಉಷ್ಣತೆಯ ಸೂತ್ರ ಎರಡಕ್ಕೂ ಒಂದೇ. ಕ್ಯಾಲಿಬ್ರೇಶನ್ 27504, 26435, -1000, ಓದಿದ ಅಂಕಿ 519888 ಆದರೆ ಉತ್ತರ 25.08 ಡಿಗ್ರಿ. ನನ್ನ ಟೆಸ್ಟ್‌ನಲ್ಲಿ 2508 ಬಂತು, ಡಿಗ್ರಿಯ ನೂರನೇ ಒಂದು ಭಾಗದ ಲೆಕ್ಕದಲ್ಲಿ ಅದೇ ಉತ್ತರ.

ಲಿನಕ್ಸ್ ಕರ್ನಲ್ ನೋಡುವ ಅಭ್ಯಾಸವಿದ್ದರೆ ಅಲ್ಲಿನ ಬಿಎಂಪಿ280 ಡ್ರೈವರ್ ಓದಿ. ಲೆಕ್ಕವೆಲ್ಲ ಒಂದು ಫೈಲ್‌ನಲ್ಲಿ, ಐ-ಸ್ಕ್ವೇರ್ಡ್-ಸಿ ಮತ್ತು ಎಸ್‌ಪಿಐ ಬೇರೆ ಬೇರೆ ಫೈಲ್‌ಗಳಲ್ಲಿ, ನಡುವೆ ರಿಜಿಸ್ಟರ್ ಓದಿ ಬರೆಯುವ ಕರ್ನಲ್‌ನದೇ ಪದರ, ರೆಗ್‌ಮ್ಯಾಪ್. ಬಿಎಂಇ280ಗೂ ಅದೇ ಡ್ರೈವರ್.

ಬೋರ್ಡ್ ಬದಲಾಗದಿದ್ದರೂ ಇದು ಕೆಲಸಕ್ಕೆ ಬಂತು. ಇಎಸ್‌ಪಿ32ರ ಅಧಿಕೃತ ಸಾಫ್ಟ್‌ವೇರ್ ಕಿಟ್ ಆದ ಇಎಸ್‌ಪಿ-ಐಡಿಎಫ್‌ನ 5.2ರಲ್ಲಿ ಐ-ಸ್ಕ್ವೇರ್ಡ್-ಸಿಗೆ ಹೊಸ ಲೈಬ್ರರಿ ಬಂತು, ಕರೆಯುವ ರೀತಿಯೇ ಬೇರೆ. ಓದು, ಬರೆ ಎರಡು ಫಂಕ್ಷನ್‌ಗಳನ್ನು ತಿದ್ದಿದೆ, ಅಷ್ಟೇ.