ಬಳ್ಳಾರಿಯಾಗ ಬ್ಯಾರೆ ನಾಡಿನ ಊಟ ಹುಡುಕೋದು ಹೆಂಗ

ಬಳ್ಳಾರಿಯಾಗ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಬಿರಿಯಾನಿ ಬಿಟ್ರ ಇನ್ನೇನ್ ಸಿಗ್ತೈತ್ರೀ ಅಂತ ಬೆಂಗಳೂರಿಂದ ಟ್ರಾನ್ಸ್‌ಫರ್ ಆಗಿ ಬಂದೋರು ಮೊದಲ ವಾರದಾಗ ಕೇಳ್ತಾರ. ನಮ್ಮ ಊರಿನೋರೇ ಕೆಲವ್ರು ಹಂಗ ಅಂತಾರ, ಅದು ಇನ್ನೂ ಬ್ಯಾಸರ. ಸಿಗ್ತೈತ್ರಿ. ಬಿಹಾರದ ಲಿಟ್ಟಿ ಚೋಖಾ ಸಿಗ್ತೈತಿ, ಬಂಗಾಳಿ ಮೀನೂಟ ಸಿಗ್ತೈತಿ, ಮಾರ್ವಾಡಿ ಊಟ ಸಿಗ್ತೈತಿ, ಕೈಯಾಗ ಮಡಚಿದ ಮೊಮೊ ಸಿಗ್ತೈತಿ. ಆದ್ರ ಬೆಂಗಳೂರಾಗ ಹುಡುಕಿದಂಗ ಇಲ್ಲಿ ಹುಡುಕಿದ್ರ ಸಿಗಂಗಿಲ್ಲ, ಅಷ್ಟ.

ಬೆಂಗಳೂರಾಗ ಫೋನ್ ತಗದು ಸ್ಟಾರ್ ನೋಡಿ ಹೋದ್ರ ನಡೀತೈತಿ, ಯಾಕಂದ್ರ ಅಲ್ಲಿ ಒಂದ್ ಹೋಟ್ಲಿಗೆ ಸಾವಿರಗಟ್ಲೆ ಮಂದಿ ಬರೆದಿರ್ತಾರ. ನಮ್ಮಂಥ ಊರಾಗ ಒಂದ್ ಹೋಟ್ಲಿಗೆ ಮೂವತ್ತು ರಿವ್ಯೂ ಇದ್ರ ಹತ್ತು ಮಾಲೀಕನ ಅಳಿಯಂದಿರದು, ಹತ್ತು ಎಸಿ ತಣ್ಣಗೈತಿ ಪಾರ್ಕಿಂಗ್ ಐತಿ ಅಂತ ಬರೆದಿರೋವು. ಊಟದ ಬಗ್ಗೆ ಏನೂ ಇರಂಗಿಲ್ಲ. ಮತ್ತ ನಾನ್ ಹೇಳೋ ಜಾಗಗಳಾಗ ಅರ್ಧಕ್ಕರ್ಧ ಮ್ಯಾಪ್‌ನಾಗೇ ಇರಂಗಿಲ್ಲ, ಬೋರ್ಡೇ ಇಲ್ಲದ ಮ್ಯಾಲೆ ಮ್ಯಾಪ್ ಎಲ್ಲಿಂದ ಬರ್ಬೇಕು.

ನಾನೂ ಮೊದ್ಲು ಮೋಸ ಹೋದಾವ್ನೇ. ಒಂದ್ಸಲ ಮನಿಯೋರ್ನೆಲ್ಲ ಕಟ್ಕೊಂಡು ಒಂದ್ ದೊಡ್ಡ ಮಲ್ಟಿ ಕ್ಯುಸಿನ್ ಹೋಟ್ಲಿಗೆ ಹೋದೆ, ಮೆನು ಕಾರ್ಡ್ ನಮ್ ಹುಡುಗನ ಸಮಾಜ ಪುಸ್ತಕಕ್ಕಿಂತ ದಪ್ಪ ಇತ್ತು, ಅದ್ರಾಗ ಬೆಂಗಾಲಿ ಫಿಶ್ ಕರಿ ಅಂತ ನೋಡಿ ಖುಷಿ ಆಗಿ ಹೇಳಿದೆ. ಬಂದದ್ದು ಪನೀರ್ ಬಟರ್ ಮಸಾಲದ ಅದೇ ಕೆಂಪು ಗ್ರೇವಿ, ಮ್ಯಾಲೆ ಒಂದ್ ಮೀನಿನ ತುಂಡು. ನಮ್ಮಾಕಿ ಒಂದ್ ತುತ್ತು ತಿಂದು "ಇದಕ್ಕ ಪನೀರೇ ಹೇಳಿದ್ರ ಮುಳ್ಳರ ಇರ್ತಿರ್ಲಿಲ್ಲ" ಅಂದ್ಲು. ಅವತ್ತಿಂದ ನನ್ನ ಲೆಕ್ಕ ಇಷ್ಟ: ಒಂದೇ ಕಾರ್ಡಿನಾಗ ಪಂಜಾಬಿ, ಚೈನೀಸ್, ಬಂಗಾಳಿ, ಇಟಾಲಿಯನ್ ನಾಲ್ಕೂ ಇದ್ರ ಒಳಗ ಇರೋ ಗ್ರೇವಿ ಒಂದೇ, ಎದ್ದು ಬರ್ರಿ.

ಹಂಗಾದ್ರ ಹೆಂಗ ಹುಡುಕ್ಬೇಕು? ಹೋಟ್ಲು ಹುಡುಕಬ್ಯಾಡ್ರಿ, ಮಂದಿ ಹುಡುಕ್ರಿ. ನಮ್ಮೂರಿಗೆ ಯಾರ್ ಬಂದ್ರು, ಯಾವ ಕೆಲಸಕ್ಕ ಬಂದ್ರು, ಎಲ್ಲಿ ರೂಮ್ ಮಾಡ್ಕೊಂಡಾರ, ಮನಿಯಾಗ ಅಡುಗಿ ಮಾಡಾಕ ಹೆಂಗಸರು ಬಂದಾರೋ ಇಲ್ಲೋ. ಗಂಡಸ್ರೇ ಬಂದು ಹತ್ತು ಮಂದಿ ಒಂದ್ ರೂಮಿನಾಗ ಇದ್ರ ಹತ್ರದಾಗೇ ಒಂದ್ ಮೆಸ್ ಇರ್ಲೇಬೇಕು, ಆ ಮೆಸ್ಸಿನಾಗ ಅವರೂರ ರುಚಿ ಇರ್ಲೇಬೇಕು, ಇಲ್ಲಂದ್ರ ಎರಡನೇ ತಿಂಗಳಿಗೆ ಬಾಗಲಾ ಹಾಕ್ತೈತಿ.

ಮೊದ್ಲು ಸುಲಭದ್ದು ಹೇಳ್ತೀನಿ, ಆಂಧ್ರ ಊಟ. ಬಳ್ಳಾರಿ 1953ರ ಅಕ್ಟೋಬರ್ 1ರ ತನಕ ಮದ್ರಾಸ್ ರಾಜ್ಯದಾಗೇ ಇತ್ತು, ಆಮ್ಯಾಲೆ ನಾವು ಮೈಸೂರಿಗೆ ಬಂದ್ವಿ, ಆದೋನಿ ಆಲೂರು ರಾಯದುರ್ಗ ಆಂಧ್ರಕ್ಕ ಹೋದ್ವು. ಗಡಿ ಹಾಕಿದ್ರು, ಒಲಿ ಬ್ಯಾರೆ ಆಗ್ಲಿಲ್ಲ. ನಾವು ಒಗ್ಗರಣೆ ಅನ್ನೋದನ್ನ ಅವ್ರು ಉಗ್ಗಾಣಿ ಅಂತಾರ, ನಮ್ಮ ಪುಂಡಿ ಪಲ್ಯಾನೇ ಅವರ ಗೋಂಗೂರ. ಅದಕ್ಕ ಆಂಧ್ರ ಮೀಲ್ಸ್ ಅನ್ನೋ ಬೋರ್ಡ್ ನೋಡಿ ಹೋಗಬ್ಯಾಡ್ರಿ, ಅದು ಎಲ್ಲಾ ಕಡೆ ಐತಿ. ಪಪ್ಪು, ಅಂದ್ರ ಅವರ ಬ್ಯಾಳಿ, ಅದನ್ನ ನೋಡ್ರಿ. ದಿನಾ ಬ್ಯಾರೆ ಬ್ಯಾರೆ ಸೊಪ್ಪು, ಕಾಯಿ ಹಾಕಿ ಮಾಡ್ತಾರೋ ಅಥ್ವಾ ಸೋಮವಾರದಿಂದ ಶನಿವಾರದ ತನಕ ಅದೇ ಟೊಮ್ಯಾಟೊ ಪಪ್ಪೋ. ಟೇಬಲ್ ಮ್ಯಾಲೆ ಪುಡಿ ಡಬ್ಬಿ, ಉಪ್ಪಿನಕಾಯಿ ಡಬ್ಬಿ ಇಟ್ಟಿರ್ತಾರಲ್ಲ, ಪುಡಿ ಮೂಸಿ ನೋಡ್ರಿ, ಬಳ್ಳೊಳ್ಳಿ ವಾಸನಿ ಬರ್ಬೇಕು. ಬರ್ಲಿಲ್ಲಂದ್ರ ಅದು ಹೋದ ತಿಂಗಳದ್ದು.

ಮಾರ್ವಾಡಿ ಊಟದ್ದು ಬ್ಯಾರೆನೇ ಲೆಕ್ಕ. ಬಟ್ಟಿ, ಬಂಗಾರದ ವ್ಯಾಪಾರದಾಗ ಇರೋ ರಾಜಸ್ಥಾನದ ಮಂದಿ ಸಂಸಾರ ಸಮೇತ ಇಲ್ಲೇ ನೆಲೆ ಆಗ್ಯಾರ, ಮನಿಯಾಗೇ ಉಣ್ತಾರ, ಅದಕ್ಕ ಅವರಿಗಂತ ಹೋಟ್ಲು ಕಮ್ಮಿ. ಹೊರಗಿಂದ ಬರೋ ವ್ಯಾಪಾರಸ್ಥರು ಎಲ್ಲಿ ಉಣ್ತಾರ ಅಂತ ಬೆಂಗಳೂರು ರೋಡ್ ಕಡೆ ಯಾವುದರ ಬಟ್ಟಿ ಅಂಗಡಿಯಾಗ ಗಲ್ಲಾ ಮ್ಯಾಲೆ ಕೂತೋರ್ನ ಕೇಳ್ರಿ, ಏನರ ತಗೊಂಡ್ ಮ್ಯಾಲೆ ಕೇಳ್ರಿ. ಜೈನ ಭೋಜನಾಲಯ ಅಂದ್ರ ಉಳ್ಳಾಗಡ್ಡಿ, ಬಳ್ಳೊಳ್ಳಿ, ಆಲೂಗಡ್ಡಿ ಏನೂ ಇರಂಗಿಲ್ಲ, ಮತ್ತ ಕಟ್ಟುನಿಟ್ಟಾಗಿ ಇರೋರು ಹೊತ್ತು ಮುಳುಗೋದ್ರೊಳಗ ಊಟ ಮುಗಸ್ತಾರ. ರಾತ್ರಿ ಒಂಬತ್ತಕ್ಕ ಹೋಗಿ ಬಾಗಲಾ ಬಡೀಬ್ಯಾಡ್ರಿ, ಸಂಜಿ ಐದೂವರಿಗೆ ಹೋಗ್ರಿ, ಫುಲ್ಕಾ ಬಿಸಿ ಬಿಸಿ ಬರ್ತಿರ್ತಾವ.

ಈಗ ನನಗ ಇಷ್ಟದ ಭಾಗ. ತೋರಣಗಲ್ಲು. ಬಳ್ಳಾರಿಯಿಂದ ಹೊಸಪೇಟೆ ರೋಡಿಗೆ ಸುಮಾರು ಮೂವತ್ತು ಕಿಲೋಮೀಟ್ರು, ಜಿಂದಾಲ್ ಕಾರ್ಖಾನೆ ಇರೋ ಜಾಗ. ಸ್ಟೀಲ್ ಪ್ಲಾಂಟ್ ಅಂದ್ರ ಬಿಹಾರ, ಜಾರ್ಖಂಡ್, ಒಡಿಶಾ, ಬಂಗಾಳ, ಉತ್ತರ ಪ್ರದೇಶ ಎಲ್ಲಾ ಕಡಿಯೋರು ಬರ್ತಾರ. ಕೋಲ್ಕತ್ತಾ ಕಡೆಯಿಂದ ವಾಸ್ಕೋಕ್ಕ ಹೋಗೋ ಅಮರಾವತಿ ಎಕ್ಸ್‌ಪ್ರೆಸ್ ಗುಂತಕಲ್ ದಾಟಿ ನಮ್ಮೂರ ಮ್ಯಾಲೇ ಹೋಗ್ತೈತಿ, ಆ ಗಾಡಿ ಬಂದಾಗ ಸ್ಟೇಷನ್ನಿನಾಗ ನಿಂತು ನೋಡ್ರಿ, ಚೀಲ ಹೊತ್ಕೊಂಡು ಇಳಿಯೋ ಹುಡುಗ್ರು ಯಾವ್ ಆಟೋ ಹತ್ತಿ ಎಲ್ಲಿಗೆ ಹೋಗ್ತಾರ ಅನ್ನೋದೇ ನಿಮ್ಮ ಮ್ಯಾಪ್.

ತೋರಣಗಲ್ಲಿನಾಗ ಮೇನ್ ರೋಡಿನ ಹೋಟ್ಲು ಬಿಟ್ಟು ಒಳಗ ಲೇಬರ್ ರೂಮ್‌ಗಳಿರೋ ಗಲ್ಲಿಗೆ ಹೋಗ್ರಿ. ಗುರುತು ಮೂರು. ಒಂದು ಸಾಸಿವೆ ಎಣ್ಣಿ ಕಾಯೋ ಘಾಟು, ಮೂಗಿಗೆ ಚುರ್ ಅಂತೈತಿ, ನಮ್ಮ ಶೇಂಗಾ ಎಣ್ಣಿ ವಾಸನಿ ಅಲ್ಲ ಅದು, ಒಂದ್ಸಲ ಗೊತ್ತಾದ್ರ ಆಮ್ಯಾಲೆ ಎಲ್ಲಿದ್ರೂ ತಿಳಿತೈತಿ. ಎರಡನೇದು ಕಿರಾಣಿ ಅಂಗಡಿ, ಹೊರಗ ಸತ್ತು (ಹುರಿದ ಕಡ್ಲಿ ಹಿಟ್ಟು) ಪಾಕೀಟು, ಸಾಸಿವೆ ಎಣ್ಣಿ ಬಾಟ್ಲಿ ಜೋತು ಬಿಟ್ಟಿದ್ರ ಹತ್ರದಾಗ ಮೆಸ್ ಐತಿ ಅಂತನೇ ಅರ್ಥ. ಮೂರನೇದು ಮೀನು ಮಾರೋವ್ನು. ತುಂಗಭದ್ರಾ ಡ್ಯಾಮಿನ ರೋಹು, ಕಾಟ್ಲಾ ಮಾರ್ತಾನಲ್ಲ, ತಲಿ ಸಮೇತ ಬೇಕಂತ ಯಾರ್ ದಿನಾ ಒಯ್ತಾರ ಅಂತ ಅವನ್ನ ಕೇಳ್ರಿ. ನಮ್ಮೋರು ಮೀನಿನ ತಲಿ ಒಲ್ಲೆ ಅಂತಾರ, ಬಂಗಾಳಿಯೋರು ತಲಿಗೇ ಜಗಳಾಡ್ತಾರ, ತಲಿ ಹಾಕಿ ಹೆಸರುಬ್ಯಾಳಿ ಸಾರು ಮಾಡ್ತಾರ. ನನಗ ಒಳ್ಳೇ ಬಂಗಾಳಿ ಮೆಸ್ ಸಿಕ್ಕಿದ್ದು ಹಿಂಗ, ಮೀನಿನೋನೇ ಕೈ ಒರಸ್ಕೊಂಡು ಗಲ್ಲಿ ತನಕ ಬಂದು ತೋರಿಸಿದ.

ಲಿಟ್ಟಿ ಮಾಡೋ ಬಂಡಿ ಸಿಕ್ರ ಅರ್ಜೆಂಟ್ ಮಾಡಬ್ಯಾಡ್ರಿ, ನಿಂತು ನೋಡ್ರಿ. ಗೋಧಿ ಹಿಟ್ಟಿನ ಉಂಡಿ ಮಾಡಿ ಹೆಬ್ಬೆರಳಲೆ ಗುಂಡಿ ಒತ್ತಿ ಅದ್ರಾಗ ಸತ್ತು ತುಂಬ್ತಾರ. ಆ ಕಡ್ಲಿ ಹಿಟ್ಟಿಗೆ ಬಳ್ಳೊಳ್ಳಿ, ಹಸಿಮೆಣಸಿನಕಾಯಿ, ಅಜವಾನ, ಉಪ್ಪಿನಕಾಯಿ ಮಸಾಲಿ, ಹಸಿ ಸಾಸಿವೆ ಎಣ್ಣಿ ಕಲಸಿರ್ತಾರ. ಬಾಯಿ ಮುಚ್ಚಿ ಕೆಂಡದ ಮ್ಯಾಲೆ ಇಡ್ತಾರ, ಹೊಳ್ಳಿಸಿ ಹೊಳ್ಳಿಸಿ ಸುಡ್ತಾರ, ಹಿಟ್ಟು ಬಿರಿದಾಗ ತಗದು ಅರಿವ್ಯಾಗ ಹಾಕಿ ಬೂದಿ ಝಾಡಿಸಿ ತುಪ್ಪದಾಗ ಅದ್ದಿ ಕೊಡ್ತಾರ. ಅದೇ ಕೆಂಡದಾಗ ಬದನಿಕಾಯಿ, ಟೊಮ್ಯಾಟೊ ಸುಟ್ಟು ಹಿಸುಕಿ ಚೋಖಾ. ಜ್ವಾಳದ ರೊಟ್ಟಿ ಜೋಡಿ ನಾವು ಸುಟ್ಟ ಬದನಿಕಾಯಿ ಬಜ್ಜಿ ತಿನ್ನೋದಿಲ್ಲೇನು, ಅದರ ಬಿಹಾರಿ ತಮ್ಮ ಅನ್ಕೊಳ್ರಿ. ಎಣ್ಣಿಯಾಗ ಕರಿದು ಕೊಟ್ರ ಅದು ಲಿಟ್ಟಿ ಆಗಬಹುದು, ನನಗ ಬ್ಯಾಡ. ಕೆಂಡದ ವಾಸನಿ ಇಲ್ಲಂದ್ರ ಅದು ಬರೇ ಹಿಟ್ಟಿನ ಗುಂಡು.

ಹೊತ್ತು ಬಾಳ ಮುಖ್ಯ. ಮೆಸ್ ಅಂದ್ರ ಹೋಟ್ಲು ಅಲ್ಲ, ಶಿಫ್ಟ್ ಬಿಟ್ಟಾಗ ಉಕ್ಕಿ ಹರೀತೈತಿ, ಅರ್ಧ ತಾಸಿನ ಮ್ಯಾಲೆ ಪಾತ್ರಿ ತಳ ಕಾಣ್ತೈತಿ. ಶಿಫ್ಟ್ ಬಿಡೋಕ್ಕಿಂತ ಕಾಲು ತಾಸು ಮೊದ್ಲು ಹೋಗಿ ಕೂಡ್ರಿ. ಐತಾರ ಬಾಳ ಮಂದಿಗೆ ರಜಾ ಇರೋ ದಿನ, ಮಧ್ಯಾಹ್ನ ಹೋಗ್ರಿ, ಚಿಕನ್ನು ಮಟನ್ನು ಅವತ್ತೇ ಛಲೋ ಮಾಡ್ತಾರ. ಮತ್ತ ಛಠ್ ಪೂಜಾ ಅಂತ ದೀಪಾವಳಿ ಆಗಿ ಆರನೇ ದಿನಕ್ಕ ಬರ್ತೈತಿ, ಆ ಹೊತ್ತಿನಾಗ ಬಿಹಾರದೋರು, ದುರ್ಗಾ ಪೂಜಾದಾಗ ಬಂಗಾಳದೋರು ಊರಿಗೆ ಹೋಗಿರ್ತಾರ, ಬಂಡಿ ಮೆಸ್ ಎಲ್ಲಾ ಬಂದ್. ಆವಾಗ ಹೋಗಿ ಬಂದು ನನ್ನ ಬೈಬ್ಯಾಡ್ರಿ.

ಒಳಗ ಹೋದ್ ಮ್ಯಾಲೆ "ಏನ್ ಛಲೋ ಐತಿ" ಅಂತ ಕೇಳಿದ್ರ ಫ್ರೈಡ್ ರೈಸ್ ಅಂತಾರ, ನಿಮ್ಮ ಮುಖ ನೋಡಿ. "ನೀವ್ ಇವತ್ತು ಏನ್ ಉಂಡ್ರಿ" ಅಂತ ಕೇಳ್ರಿ. ನನ್ನ ಹಿಂದಿ ಪಕ್ಕಾ ನಮ್ಮೂರ ಕೌಲ್ ಬಜಾರಿಂದು, ಕೈಕು ನಕ್ಕೋ ಅನ್ನೋ ಥರದ್ದು, ಆದ್ರೂ "ಭಾಯ್, ಘರ್ ಕಿಧರ್ ಹೈ" ಅಂತ ಒಂದ್ ಮಾತು ಕೇಳಿದ್ರ ಸಾಕು, ಅವರ ಜಿಲ್ಲಾ ಹೆಸರು ಹೇಳಿ ಮೆಣಸಿನಕಾಯಿ ಉಪ್ಪಿನಕಾಯಿ ತಂದು ತಾಟಿನಾಗ ಹಾಕ್ತಾರ. ನಮಗ ಎಣ್ಣಿ ಒಗ್ಗಂಗಿಲ್ಲ, ಬ್ಯಾರೆ ಎಣ್ಣಿಯಾಗ ಮಾಡ್ರಿ ಅಂತ ಮಾತ್ರ ಅನ್ನಬ್ಯಾಡ್ರಿ, ಹಂಗಿದ್ರ ಮನಿಯಾಗೇ ಉಣ್ರಿ. ಮೊದಲ ದಿನ ಒಂದೇ ಐಟಂ, ಅರ್ಧ ಪ್ಲೇಟು. ರೇಟ್ ಮೊದ್ಲೇ ಕೇಳ್ಕೊಳ್ರಿ, ಅವ್ರಿಗೆ ಅದ್ರಾಗ ಬ್ಯಾಸರಿಲ್ಲ.

ಮೊಮೊ, ಚೈನೀಸ್ ಬಗ್ಗೆ ಬಾಳ ಹೇಳಂಗಿಲ್ಲ. ಮೊಮೊ ಮಡಚಿದ್ದು ನಿಮ್ಮ ಕಣ್ಣ ಮುಂದ ಆದ್ರ ತಿನ್ರಿ, ನಿರಿಗಿ ಒಂದೊಂದು ಒಂದೊಂದ್ ಥರ ಇರ್ತಾವ, ಎಲ್ಲಾ ಅಚ್ಚಿನಾಗ ಹಾಕಿದಂಗ ಇದ್ರ ಫ್ರಿಜ್ಜಿನ ಪಾಕೀಟು. ಗೋಬಿ ಮಂಚೂರಿಗೆ ಬಣ್ಣ ಹಾಕಬಾರ್ದಂತ 2024ರ ಮಾರ್ಚಿನಾಗೇ ಸರಕಾರ ಬಂದ್ ಮಾಡೈತಿ, ಇನ್ನೂ ಯಾರರ ಕುಂಕುಮದಂಗ ಕೆಂಪು ಮಾಡಿ ಕೊಟ್ರ ಅವರ ಹತ್ರ ಬ್ಯಾರೆ ಏನೂ ತಿನ್ನಬ್ಯಾಡ್ರಿ.

ಇನ್ನೊಂದು ಈಗ ಎಲ್ಲಾ ಕಡೆ ಬೋರ್ಡ್ ಬಿದ್ದಿರೋದು ಮಂದಿ. ನಮ್ಮಪ್ಪ ಬೋರ್ಡ್ ಓದಿ "ಏನಲೇ, ಮಂದಿನ್ನ ಮಾರಾಕ ಹತ್ತ್ಯಾರೇನು" ಅಂದ್ರು. ಯೆಮೆನ್ ದೇಶದ ಅನ್ನ ಮಾಂಸದ ಅಡುಗಿ ಅದು, ಕೇರಳದೋರು ಕಲ್ತು ಇಲ್ಲಿಗೆ ತಂದ್ರು. ನೆಲದಾಗಿನ ಗುಂಡಿ ಒಲಿಯಾಗ ಮ್ಯಾಲೆ ಮಾಂಸ ಕೆಳಗ ಅಕ್ಕಿ ಇಟ್ಟು ಬೇಯಿಸ್ತಾರ, ಮಾಂಸದ ರಸ ಅನ್ನದ ಮ್ಯಾಲೆ ಬೀಳ್ತೈತಿ. ಖಾರ ಮಸಾಲಿ ಇರಬಾರ್ದು, ಅನ್ನ ಉದುರು ಉದುರು ಇರ್ಬೇಕು, ಹೊಗಿ ವಾಸನಿ ಇರ್ಬೇಕು. ಖಾರ ಇದ್ರ ಅದು ಬಿರಿಯಾನಿಗೇ ದೊಡ್ಡ ತಾಟು ಕೊಟ್ಟಾರ. ಬಿರಿಯಾನಿನೇ ಬೇಕಂದ್ರ ರಾಯಚೂರಿಗೆ ಹೋಗ್ರಿ ಅಣ್ಣಾ, 1948ರ ತನಕ ನಿಜಾಮನ ಕೈಯಾಗಿದ್ದ ಊರು, ಹೈದರಾಬಾದಿನ ದಮ್ ಕೈ ಅಲ್ಲಿ ಇನ್ನೂ ಐತಿ.

ರಾಯಚೂರು ಕಡೆ ಹೋದ್ರ ಸಿಂಧನೂರು ಮರೀಬ್ಯಾಡ್ರಿ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರಕಾರ ಅಲ್ಲಿ ಭೂಮಿ ಕೊಟ್ಟು ಕೂಡ್ರಿಸಿದ ಆರ್‌ಎಚ್ ಕ್ಯಾಂಪ್‌ಗಳದಾವ. ಇವ್ರು ಶಿಫ್ಟಿನ ಮಂದಿ ಅಲ್ಲ, ಅಲ್ಲೇ ಹುಟ್ಟಿ ಬೆಳದೋರು, ಕನ್ನಡಾನೂ ಮಾತಾಡ್ತಾರ, ಅವರ ಮಂಡಕ್ಕಿಗೆ ಮುಡಿ ಅಂತಾರ. ನಾವು ಮಂಡಕ್ಕಿ ನೀರಾಗ ನೆನಸಿ ಒಗ್ಗರಣಿ ಹಾಕ್ತೀವಿ, ಅವ್ರು ಒಣದಕ್ಕೇ ಹಸಿ ಸಾಸಿವೆ ಎಣ್ಣಿ, ಉಳ್ಳಾಗಡ್ಡಿ ಹಾಕಿ ಕಲಸ್ತಾರ. ಅಲ್ಲಿ ದೊಡ್ಡ ಹೋಟ್ಲು ಹುಡುಕಬ್ಯಾಡ್ರಿ, ಸಂತಿ ದಿನ ಸಣ್ಣ ಅಂಗಡಿ, ಸಿಹಿ ಅಂಗಡಿ ನೋಡ್ರಿ.

ಹಂಪಿ ಎದುರಿಗೆ ತುಂಗಭದ್ರಾ ನದಿ ಆಚೆ ಇರೋ, ಕೊಪ್ಪಳ ಜಿಲ್ಲಾದ ವಿರುಪಾಪುರ ಗಡ್ಡಿಯಾಗ ಹೀಬ್ರೂ ಮೆನು ಇದ್ದ ಇಸ್ರೇಲಿ ಊಟದ ಕೆಫೆಗಳು ಬಾಳ ಇದ್ವು, 2020ರಾಗ ಸುಪ್ರೀಂ ಕೋರ್ಟ್ ಆದೇಶದ ಮ್ಯಾಲೆ ಕೆಡವಿದ್ರು. ಹಳೇ ಪೋಸ್ಟ್ ಓದ್ಕೊಂಡು ನದಿ ದಾಟಿ ಹೋಗಬ್ಯಾಡ್ರಿ.

ಸ್ವಚ್ಛ ಇಲ್ಲ ಅಂತ ಮೂಗು ಮುರಿಯೋರಿಗೆ ಒಂದ್ ಮಾತು. ಗೋಡಿ ಸುಣ್ಣ ನೋಡಬ್ಯಾಡ್ರಿ, ತಾಟು ತೊಳಿಯೋ ನೀರು ನೋಡ್ರಿ, ಎಣ್ಣಿ ಕರ್ರಗಾಗೈತೇನು ನೋಡ್ರಿ, ನೀರಿನ ಬಾಟ್ಲಿ ಮನಿಯಿಂದ ಒಯ್ರಿ. ಅಂಗಡಿ ಇದ್ರ ಗೋಡಿ ಮ್ಯಾಲೆ ಫುಡ್ ಲೈಸೆನ್ಸ್ ಐತೇನು ನೋಡ್ರಿ, 14 ಅಂಕಿ ನಂಬರ್ ಇರ್ತೈತಿ. ಬ್ಯಾಸಗಿಯಾಗ ಬಳ್ಳಾರಿ ಬಿಸಿಲಿಗೆ ಮಧ್ಯಾಹ್ನ ಎರಡರ ಮ್ಯಾಲೆ ಮೀನು ಮಾತ್ರ ಮುಟ್ಟಬ್ಯಾಡ್ರಿ, ಎಷ್ಟ್ ಛಲೋ ಮೆಸ್ ಇದ್ರೂ.

ಇನ್ನ ಕೊನೀಗೆ, ಈ ಬಂಡಿಗಳು ಒಂದ್ ಜಾಗದಾಗ ಇರಂಗಿಲ್ಲ, ಫೋನ್ ನಂಬರ್ ಇಸ್ಕೊಂಡು ಇಟ್ಕೊಳ್ರಿ, ನಾನ್ ಇಸ್ಕೊಳ್ಳಿಲ್ಲ. ಹೋದ ಛಠ್‌ಗೆ ಊರಿಗೆ ಹೋದ ನಮ್ಮ ಲಿಟ್ಟಿ ಹುಡುಗ ತಿಂಗಳಾದ್ರೂ ಬರ್ಲಿಲ್ಲ, ಆ ಜಾಗದಾಗ ಕಬ್ಬಿನ ಹಾಲಿನ ಮಶೀನ್ ಬಂದು ಕೂತಿತ್ತು. ಬಾಜೂ ಪಾನ್ ಅಂಗಡಿಯೋರ್ನ ಕೇಳಿದೆ, ಅವ್ರು ಅಡಿಕಿ ಕತ್ತರಿಸ್ಕೋತನೇ ಹೇಳಿದ್ರು: "ಬರ್ತಾನ್ ಬಿಡ್ರೀ ಸರ, ನನ್ನ ಹತ್ರ ಅವಂದು ಆರ್ನೂರ್ ರೂಪಾಯಿ ಐತಿ."